ತಾಯಿಗೆ ಡಿಸ್ಚಾರ್ಜ್, ಮಗುವಿಗೆ ಇಲ್ಲ

ಮುಂಬೈಯ ಯಾವುದೇ ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗೆ ಅರ್ಧ ಗಂಟೆ ಕೂತರೆ ಸಾಕು, 'ಪೇಟಿ' ಅನ್ನುವ ಮಾತು ಕಿವಿಗೆ ಬೀಳುತ್ತದೆ. "ಬಾಳಾಲಾ ಪೇಟೀತ್ ಠೇವಲಂಯ್" ಅಂತ ಮರಾಠಿಯವರು ಹೇಳುತ್ತಾರೆ. ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು "ಕೂಸಿನ್ನ ಪೆಟ್ಟಿಗ್ಯಾಗ ಇಟ್ಟಾರ್ರೀ" ಅನ್ನುತ್ತಾರೆ. ಅಷ್ಟು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಗು ತಿಂಗಳು ತುಂಬದೆ ಹುಟ್ಟಿದೆ, ತೂಕ ಕಡಿಮೆ ಇದೆ, ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದೆ.

ಪೆಟ್ಟಿಗೆಯ ಒಳಗೆ ಮಗು. ಸುತ್ತ ಡಾಕ್ಟರ್, ಸಿಸ್ಟರ್, ಮಷೀನು. ತಾಯಿ ಎಲ್ಲಿ? ಹೊರಗೆ ಬೆಂಚಿನ ಮೇಲೆ. ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡ ಹಸಿ ಬಾಣಂತಿ. ಹೊಲಿಗೆ ಇನ್ನೂ ನೋಯುತ್ತಿರುತ್ತದೆ. ಎದೆಹಾಲು ಸೋರಿ ಸೆರಗು ಒದ್ದೆಯಾಗಿರುತ್ತದೆ. ಒಳಗೆ ಬಿಡುವ ಹೊತ್ತಿಗಾಗಿ ಗಡಿಯಾರ ನೋಡುತ್ತಾ ಕೂತಿರುತ್ತಾಳೆ.

ನಾನೂ ಹಾಗೆ ಕೂತವಳು. 2012ರಲ್ಲಿ ನನ್ನ ಮಗಳು 31ನೇ ವಾರದಲ್ಲಿ ಹುಟ್ಟಿದಳು, 1 ಕಿಲೋ 300 ಗ್ರಾಂ. ಹೆಸರು ಬೇಡ, ಒಂದು ಖಾಸಗಿ ಆಸ್ಪತ್ರೆ. ಐದನೇ ದಿನ ನನಗೆ ಡಿಸ್ಚಾರ್ಜ್ ಆಯಿತು, ಅವಳಿಗೆ ಆಗಲಿಲ್ಲ. ಮನೆ ಡೊಂಬಿವಲಿಯಲ್ಲಿ. ಸಿಸೇರಿಯನ್ ಆದ ಮೈಯಲ್ಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ ಇಳಿದು, ಹಿಂಡಿದ ಹಾಲಿನ ಸಣ್ಣ ಬಾಟಲಿ ಹಿಡಿದು ದಿನಾ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆ. ಸಂಜೆ 4ರಿಂದ 4.30ರವರೆಗೆ ಗಾಜಿನಾಚೆ ನಿಂತು ನೋಡಬಹುದಿತ್ತು. ಮುಟ್ಟುವ ಹಾಗಿರಲಿಲ್ಲ. ಮಗಳನ್ನು ಮೊದಲ ಸಲ ಎತ್ತಿಕೊಂಡಿದ್ದು 19ನೇ ದಿನ. ಅಷ್ಟು ಹೊತ್ತಿಗೆ ಹಾಲು ಮುಕ್ಕಾಲು ಪಾಲು ಬತ್ತಿಹೋಗಿತ್ತು.

ಅಲ್ಲಿದ್ದ ಡಾಕ್ಟರುಗಳು ಒಳ್ಳೆಯವರೇ. ಅವಳನ್ನು ಉಳಿಸಿಕೊಟ್ಟರು, ಆ ಋಣ ದೊಡ್ಡದು. ಆದರೆ ಆ ಗಾಜಿನ ಗೋಡೆ ಬೇಕಿರಲಿಲ್ಲ ಅಂತ ಆಮೇಲೆ ಓದುತ್ತಾ ಓದುತ್ತಾ ಗೊತ್ತಾಯಿತು. ಆವತ್ತಿಗೂ ಬೇಕಿರಲಿಲ್ಲ, ಇವತ್ತಿಗಂತೂ ಖಂಡಿತ ಬೇಡ. ತಾಯಿಯನ್ನು ವಿಸಿಟರ್ ಪಟ್ಟಿಯಿಂದ ತೆಗೆದು ಚಿಕಿತ್ಸೆಯ ಪಟ್ಟಿಗೆ ಸೇರಿಸಬೇಕು ಅನ್ನುವುದಕ್ಕೆ ಈಗ ಗಟ್ಟಿಯಾದ ಆಧಾರ ಇದೆ.

ಮೊದಲು ಇದು ಎಷ್ಟು ದೊಡ್ಡ ವಿಷಯ ಅಂತ ನೋಡೋಣ. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ದಿನ ತುಂಬದ ಮಗು. 2020ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ ಹುಟ್ಟಿದರು ಅಂತ ಅಂದಾಜು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದಲ್ಲೇ. ಅಂದರೆ ಐದರಲ್ಲಿ ಒಂದಕ್ಕಿಂತ ಜಾಸ್ತಿ. 'ಏಳು ತಿಂಗಳಿಗೆ ಹುಟ್ಟಿದರೆ ಉಳಿಯುತ್ತೆ, ಎಂಟಕ್ಕೆ ಹುಟ್ಟಿದರೆ ಉಳಿಯಲ್ಲ' ಅಂತ ನಮ್ಮ ಮನೆಗಳಲ್ಲಿ ಹಿರಿಯರು ಹೇಳುವುದುಂಟು. ಅದು ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟು ತಿಂಗಳ ಕೂಸು ಅಂತ ಯಾರೂ ಆಸೆ ಬಿಡಬೇಕಾಗಿಲ್ಲ.

ಇಂಥ ಮಗುವಿನ ಮೊದಲ ಕಷ್ಟ ಚಳಿ. ಚರ್ಮ ತೆಳ್ಳಗೆ, ಅದರ ಕೆಳಗೆ ಕೊಬ್ಬಿಲ್ಲ. ಮೈಬಿಸಿ ಬೇಗ ಇಳಿಯುತ್ತದೆ. ಬಿಸಿ ಉಳಿಸಿಕೊಳ್ಳಲು ಹೋಗಿ ಮೈಯಲ್ಲಿರುವ ಸಕ್ಕರೆ, ಆಮ್ಲಜನಕ ಎರಡೂ ಖರ್ಚಾಗುತ್ತವೆ. ಎರಡನೆಯದು ಸೋಂಕು. ಮೂರನೆಯದು ಹೊಟ್ಟೆ. ಹೀರುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34ನೇ ವಾರದ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಮೂಗಿನ ಅಥವಾ ಬಾಯಿಯ ಕೊಳವೆಯಲ್ಲೋ, ಚಮಚದಲ್ಲೋ ಹಾಲು ಹೋಗಬೇಕು.

ಈ ಮೂರಕ್ಕೂ ಮಷೀನು, ಔಷಧ ಇವೆ. ಮೂರಕ್ಕೂ ತಾಯಿಯ ಮೈಯಲ್ಲೂ ಮದ್ದಿದೆ. ಎದೆಯ ಬಿಸಿ ಚಳಿಗೆ. ತಾಯಿಯ ಚರ್ಮದ ಮೇಲಿನ ಸಾಧಾರಣ ಬ್ಯಾಕ್ಟೀರಿಯಾ ಮಗುವಿನ ಮೈಯಲ್ಲಿ ಮೊದಲು ನೆಲೆಯೂರಿದರೆ, ಔಷಧಕ್ಕೆ ಬಗ್ಗದ ಆಸ್ಪತ್ರೆಯ ಕ್ರಿಮಿಗಳಿಗೆ ಜಾಗ ಕಡಿಮೆಯಾಗುತ್ತದೆ. ಇನ್ನು ಹಾಲು. ದಿನ ತುಂಬದೆ ಹೆತ್ತ ತಾಯಿಯ ಮೊದಲ ವಾರಗಳ ಹಾಲಿನಲ್ಲಿ ಪ್ರೋಟೀನ್ ಜಾಸ್ತಿ ಇರುತ್ತದೆ. ಆ ಮಗುವಿಗೆ ಬೇಕಾದ ಹಾಗೆಯೇ ಆಕೆಯ ಮೈ ಹಾಲು ಮಾಡಿರುತ್ತದೆ. ಕೆಲವು ಮನೆಗಳಲ್ಲಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲುತ್ತಾರಲ್ಲ, ಅದರ ಒಂದು ಹನಿಯೂ ಈ ಮಗುವಿಗೆ ಔಷಧವೇ.

ಆದರೆ ಹಾಲು ಸುಮ್ನೆ ಬರುವುದಿಲ್ಲ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಿಂಡಲು ಶುರು ಮಾಡಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ, ದಿನಕ್ಕೆ ಎಂಟು ಸಲ. ಮಗು ಕಣ್ಣೆದುರು ಇದ್ದರೆ, ಮೈಗೆ ತಾಗಿದ್ದರೆ ಹಾಲು ಇಳಿಯುವುದು ಸುಲಭ. ಊರಾಚೆಯ ದಿವಾದಲ್ಲೋ ನಾಲಾಸೋಪಾರಾದಲ್ಲೋ ಹತ್ತಡಿ ಕೋಣೆಯಲ್ಲಿ, ಮಗುವಿನ ಫೋಟೋ ನೋಡಿಕೊಂಡು ಹಿಂಡುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಮಗುವನ್ನು ಮೈಗೆ ಮೈ ತಾಗುವಂತೆ ತಾಯಿಯ ಎದೆಗೆ ಕಟ್ಟಿಕೊಳ್ಳುವ ಕ್ರಮಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. 1978ರ ಸುಮಾರಿಗೆ ಕೊಲಂಬಿಯಾದ ಬೊಗೋಟಾ ನಗರದ ಒಂದು ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಶುರುವಾಯಿತು. ಎಡ್ಗರ್ ರೇ ಅನ್ನುವ ಡಾಕ್ಟರ್, ಆಮೇಲೆ ಹೆಕ್ಟರ್ ಮಾರ್ಟಿನೆಸ್. ಇನ್‌ಕ್ಯುಬೇಟರ್, ಅಂದರೆ ಆ ಪೆಟ್ಟಿಗೆಗಳು ಸಾಲದು, ಒಂದೊಂದರಲ್ಲಿ ಎರಡು ಮೂರು ಮಕ್ಕಳು, ಸೋಂಕು ವಿಪರೀತ. ಬೇರೆ ದಾರಿಯಿಲ್ಲದೆ ತಾಯಿಯರ ಎದೆಗೇ ಮಗುವನ್ನು ಕಟ್ಟಿದರು. ಸರಿಸುಮಾರು ಅದೇ ಕಾಲಕ್ಕೆ, 1979ರಲ್ಲಿ, ಎಸ್ಟೋನಿಯಾದ ಟಾಲಿನ್‌ನಲ್ಲಿ ಆದಿಕ್ ಲೆವಿನ್ ಅನ್ನುವ ಡಾಕ್ಟರ್ ನರ್ಸ್‌ಗಳ ಕೊರತೆಯಿಂದಾಗಿ ತಾಯಿಯರನ್ನು ಇಪ್ಪತ್ನಾಲ್ಕು ಗಂಟೆಯೂ ಒಳಗೇ ಇರಿಸಿಕೊಂಡರು. ಎರಡೂ ಕಡೆ ಬಾಗಿಲು ತೆರೆದದ್ದು ಕೊರತೆಯಿಂದ. ಮಕ್ಕಳು ಚೆನ್ನಾಗಿ ಬೆಳೆಯತೊಡಗಿದ ಮೇಲೆ ಶ್ರೀಮಂತ ದೇಶಗಳೂ ಕಲಿತವು. ಟಾಲಿನ್‌ನಿಂದ ಪಾಠ ಕಲಿತ ಕೆನಡಾದ ವೈದ್ಯರು, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಸೇರಿ 26 ಎನ್‌ಐಸಿಯುಗಳಲ್ಲಿ ಪರೀಕ್ಷೆ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆತಾಯಿ ದಿನಕ್ಕೆ ಕನಿಷ್ಠ 6 ಗಂಟೆ ಮಗುವಿನ ಬಳಿ ಇದ್ದು ಆರೈಕೆ ಮಾಡಿದ ಕಡೆ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ತಂದೆತಾಯಿಯರ ಆತಂಕವೂ ಕಡಿಮೆಯಾಗಿತ್ತು.

ಇದಕ್ಕಿಂತ ದೊಡ್ಡ ಉತ್ತರ ಬಂದಿದ್ದು 2021ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿಸಿತ್ತು. ಭಾರತದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. 1 ಕಿಲೋದಿಂದ 1.8 ಕಿಲೋ ಒಳಗಿನ 3211 ಮಕ್ಕಳು. ಅಲ್ಲಿಯವರೆಗಿನ ನಿಯಮ ಏನಿತ್ತು ಅಂದರೆ, ಮಗು ಮೊದಲು ಯಂತ್ರದ ಆಸರೆಯಲ್ಲಿ ಚೇತರಿಸಿಕೊಳ್ಳಲಿ, ಆಮೇಲೆ ತಾಯಿಯ ಎದೆಗೆ ಕೊಡೋಣ. ಈ ಅಧ್ಯಯನದಲ್ಲಿ ಒಂದು ಗುಂಪಿನ ಮಕ್ಕಳನ್ನು ಚೇತರಿಕೆಗೆ ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದರು. ಎನ್‌ಐಸಿಯುನಲ್ಲಿ ಅವರು ದಿನಕ್ಕೆ ಸುಮಾರು 17 ಗಂಟೆ ಎದೆಯ ಮೇಲಿದ್ದರು, ಇನ್ನೊಂದು ಗುಂಪಿನವರು ಒಂದೂವರೆ ಗಂಟೆ. 28 ದಿನದೊಳಗೆ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 12. ಇನ್ನೊಂದರಲ್ಲಿ 15.7. ಸಾವು ಕಾಲು ಭಾಗದಷ್ಟು ಕಡಿಮೆ! ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಕಂಡಿದ್ದರಿಂದ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. 2022ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು. ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಎದೆಗೆ ಕಟ್ಟಿದರೆ ಸಾಕು, ಮಷೀನು ಬೇಡ ಅಂತ ಆ ಅಧ್ಯಯನ ಹೇಳಲಿಲ್ಲ. ಆಮ್ಲಜನಕ ಬೇಕಾದ ಮಗುವಿಗೆ ಆಮ್ಲಜನಕ, ಸಲೈನ್ ಬೇಕಾದ ಮಗುವಿಗೆ ಸಲೈನ್ ಎಲ್ಲ ನಡೆಯುತ್ತಲೇ ಇತ್ತು. ಅದಕ್ಕಾಗಿ ಅವರು ವಾರ್ಡನ್ನೇ ಬದಲಿಸಿದರು. ಎನ್‌ಐಸಿಯು ಒಳಗೇ ಮಗುವಿನ ಜಾಗದ ಪಕ್ಕ ತಾಯಿಗೊಂದು ಹಾಸಿಗೆ. ಬಾಣಂತಿಯ ಬಿಪಿ, ಹೊಲಿಗೆ, ಔಷಧ ಎಲ್ಲವನ್ನೂ ಅಲ್ಲಿಯೇ ನೋಡುವ ಏರ್ಪಾಡು. ನಮ್ಮಲ್ಲಿ ತಾಯಿ ಹೆರಿಗೆ ವಿಭಾಗದವಳು, ಮಗು ಮಕ್ಕಳ ವಿಭಾಗದ್ದು. ಎರಡು ಕೇಸ್ ಪೇಪರ್, ಎರಡು ಮಹಡಿ, ಎರಡು ಡಿಸ್ಚಾರ್ಜ್. ನಮ್ಮ ಅಜ್ಜಿಯರು ಬಾಣಂತಿ ಕೋಣೆಯಲ್ಲಿ ತಾಯಿ, ಮಗು ಇಬ್ಬರನ್ನೂ ಒಂದೇ ಅಗ್ಗಿಷ್ಟಿಕೆಯ ಕಾವಿನಲ್ಲಿ ಇಡುತ್ತಿದ್ದರು. ಹೊಗೆ, ಕತ್ತಲೆ ಬೇಡ ನಿಜ. ಆದರೆ ಇಬ್ಬರನ್ನೂ ಬೇರೆ ಮಾಡಬಾರದು ಅನ್ನುವ ತಿಳಿವಳಿಕೆ ಅವರಿಗಿತ್ತು, ಅಲ್ವಾ?

ಬಾಗಿಲು ಮುಚ್ಚುವವರು ಮೊದಲು ಹೇಳುವ ಕಾರಣ ಇನ್‌ಫೆಕ್ಷನ್. ಹೊರಗಿನವರು ಬಂದರೆ ಸೋಂಕು ತರುತ್ತಾರೆ ಅಂತ. ಭಯ ಸಹಜ, ಸೋಂಕಿನಿಂದ ಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡವರು ಅವರು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. 2021ರ ಅದೇ ಅಧ್ಯಯನದಲ್ಲಿ ತಾಯಿಯ ಎದೆಯಲ್ಲಿದ್ದ ಮಕ್ಕಳಿಗೆ ಸೋಂಕಿನ ಅನುಮಾನ ಕಂಡಿದ್ದು ನೂರಕ್ಕೆ ಸುಮಾರು 23, ಇನ್ನೊಂದು ಗುಂಪಿನಲ್ಲಿ ಸುಮಾರು 28. ಅದಕ್ಕೂ ಮೊದಲು ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಡಾ. ಆರತಿ ಮಾರಿಯಾ ಅವರ ತಂಡ ಮನೆಯವರಿಗೆ ತರಬೇತಿ ಕೊಟ್ಟು ಒಳಗೆ ಬಿಟ್ಟು ನೋಡಿತ್ತು. ಆಸ್ಪತ್ರೆಯ ಸೋಂಕು ಜಾಸ್ತಿಯಾಗಲಿಲ್ಲ. ಬರೀ ತಾಯಿಹಾಲನ್ನೇ ಕುಡಿದು ಮನೆಗೆ ಹೋಗುವ ಮಕ್ಕಳು ಜಾಸ್ತಿಯಾದರು. ಅಲ್ಲಿನ ಅನುಭವದ ಮೇಲೆಯೇ 2017ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ದೇಶದ ಸರ್ಕಾರಿ ನವಜಾತ ಶಿಶು ಘಟಕಗಳಿಗೆಲ್ಲ ಮಾರ್ಗಸೂಚಿ ಹೊರಡಿಸಿತು. ಕೈ ತೊಳೆಯುವುದು, ಹಾಲು ಹಿಂಡಿ ಕುಡಿಸುವುದು, ಕಾಂಗರೂ ಆರೈಕೆ, ಅಪಾಯದ ಲಕ್ಷಣ ಗುರುತಿಸುವುದು, ಮನೆಗೆ ಹೋದ ಮೇಲೆ ನೋಡಿಕೊಳ್ಳುವುದು ಇವನ್ನೆಲ್ಲ ಕಲಿಸಿ ತಾಯಿ ಮತ್ತು ಮನೆಯವರನ್ನು ಒಳಗೆ ಬಿಡಿ ಅಂತ.

ತಾಯಿಯೊಬ್ಬಳೇ ಇಪ್ಪತ್ನಾಲ್ಕು ಗಂಟೆ ಕಟ್ಟಿಕೊಂಡಿರಲು ಆಗುವುದಿಲ್ಲ. ಅಪ್ಪನ ಎದೆಯೂ ಬಿಸಿಯೇ. ಅಜ್ಜಿ, ಚಿಕ್ಕಮ್ಮ ಯಾರಾದರೂ ಆದೀತು. ಆರೋಗ್ಯವಾಗಿರಬೇಕು, ಕೈ ಶುಚಿ ಇರಬೇಕು, ಅಷ್ಟೇ.

ಹಾಗಿದ್ದರೂ ಬಾಗಿಲು ಯಾಕೆ ಪೂರ್ತಿ ತೆರೆಯುತ್ತಿಲ್ಲ? ನನಗೆ ಕಂಡ ಮಟ್ಟಿಗೆ, ಇನ್‌ಫೆಕ್ಷನ್ ಅನ್ನುವುದು ಬಾಯಿಗೆ ಬರುವ ಕಾರಣ. ಅದರ ಹಿಂದಿರುವುದು ಜಾಗ, ಊಟ, ಭಾಷೆ.

ಮುಂಬೈಯಲ್ಲಿ ಜಾಗದ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳನ್ನು ಬೆಚ್ಚಗಿಡುವ ಎರಡು ವಾರ್ಮರ್ ನಡುವೆ ಒಬ್ಬರು ನಿಲ್ಲಲು ಕಷ್ಟ ಇರುವ ಕಡೆ ತಾಯಿಯ ಹಾಸಿಗೆ ಎಲ್ಲಿ ಹಾಕುವುದು? ಒರಗುವ ಖುರ್ಚಿಯನ್ನಾದರೂ ಹಾಕಬಹುದು. ಕೆಲವು ಕಡೆ ಹಾಕಿದ್ದಾರೆ. ಆದರೆ ದಿನಕ್ಕೆ ಎಂಟು ಗಂಟೆ, ಹತ್ತು ಗಂಟೆ ಎದೆಗೆ ಕಟ್ಟಿಕೊಳ್ಳಬೇಕಾದ ಬಾಣಂತಿಗೆ ಖುರ್ಚಿ ಸಾಲದು.

ಊಟದ್ದು ಇನ್ನೂ ನೇರವಾದ ವಿಷಯ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅನ್ನುವ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಎಲ್ಲ ಉಚಿತ. ಆದರೆ ಬಾಣಂತಿಯ ಊಟಕ್ಕೆ ಆ ಯೋಜನೆ ಇಟ್ಟ ಲೆಕ್ಕ ಸಾಮಾನ್ಯ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ತಿಂಗಳು ತುಂಬಿದ ಹೆರಿಗೆಗೆ ಸರಿ. 30ನೇ ವಾರದಲ್ಲಿ ಹುಟ್ಟಿದ ಮಗು ಒಂದು ತಿಂಗಳಿಗೂ ಜಾಸ್ತಿ ಒಳಗಿರಬಹುದು. ಆ ತಾಯಿಗೆ ಮನೆಯಿಂದ ಡಬ್ಬಿ ಬರಬೇಕು. ಡಬ್ಬಿ ತರುವವನು ದಿನಗೂಲಿಯ ಗಂಡ. ಅವನು ಡಬ್ಬಿ ತಂದರೆ ಆ ದಿನದ ಕೂಲಿ ಹೋಗುತ್ತದೆ. ತವರಾದರೋ ಐನೂರು ಆರುನೂರು ಕಿಲೋಮೀಟರ್ ದೂರ. ಎಷ್ಟೋ ಬಾಣಂತಿಯರು ಚಹಾ, ವಡಾಪಾವ್ ತಿಂದು ಹಾಲು ಹಿಂಡುವುದನ್ನು ನಾನು ನೋಡಿದ್ದೇನೆ. 'ಬಾಣಂತಿ ಉಂಡರೆ ಕೂಸು ಉಂಡಂತೆ' ಅಂತ ಬೆಳೆದವರು ನಾವು. ಅವಳ ಊಟದ ಖರ್ಚು ಎನ್‌ಐಸಿಯು ಖರ್ಚಿನ ಮುಂದೆ ಎಷ್ಟಾದೀತು?

ನೌಕರಿ ಇರುವವರಿಗೆ ಬೇರೆ ತೊಡಕು. ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರ. ದಿನ ತುಂಬದ ಹೆರಿಗೆಯಿಂದ ಕಾಯಿಲೆಯಾದರೆ ವೈದ್ಯರ ಪತ್ರ ಕೊಟ್ಟು ಇನ್ನೂ ಒಂದು ತಿಂಗಳ ಸಂಬಳದ ರಜೆ ಕೇಳಬಹುದು. ಇದು ಗೊತ್ತಿಲ್ಲದವರೇ ಜಾಸ್ತಿ, ಆದ್ದರಿಂದ ಒತ್ತಿ ಹೇಳುತ್ತಿದ್ದೇನೆ. ಮನೆಗೆಲಸದವರಿಗೆ, ಕಟ್ಟಡದ ಕೂಲಿಯವರಿಗೆ ಈ ಯಾವ ರಜೆಯೂ ಕೈಗೆ ಸಿಗುವುದಿಲ್ಲ.

ಈಗ ಭಾಷೆ. ನಾವು ಹೊರನಾಡ ಕನ್ನಡಿಗರು ಇದರ ಬಗ್ಗೆ ಜಾಸ್ತಿ ಯೋಚಿಸಬೇಕು. ಧಾರಾವಿಯಲ್ಲಿ, ನವಿ ಮುಂಬೈಯ ಕಟ್ಟಡ ಸೈಟುಗಳಲ್ಲಿ, ಪುಣೆಯ ಕೂಲಿ ವಸತಿಗಳಲ್ಲಿ, ಗೋವಾದ ವಾಸ್ಕೋ ಕಡೆ ಎಷ್ಟು ಕನ್ನಡದ ಹೆಣ್ಣುಮಕ್ಕಳಿದ್ದಾರೆ! ವಾರ್ಡಿನ ತರಬೇತಿ ಮರಾಠಿಯಲ್ಲೋ ಹಿಂದಿಯಲ್ಲೋ ನಡೆಯುತ್ತದೆ. ಹೊಸದಾಗಿ ಬಂದ ಹತ್ತೊಂಬತ್ತು ವರ್ಷದ ಹುಡುಗಿಗೆ ಎರಡೂ ಬರುವುದಿಲ್ಲ. ಸುಮ್ಮನೆ ತಲೆ ಅಲ್ಲಾಡಿಸುತ್ತಾಳೆ. ವಾರ್ಡಿನ ಆಯಾಗಳು, ಇಲ್ಲಿಯ ಮಾತಿನಲ್ಲಿ ಮಾವಶಿಯವರು, ಗದರಿದರೆ ಹೆದರಿ ಹಿಂದೆ ಸರಿಯುತ್ತಾಳೆ. 'ಇವಳಿಗೆ ಏನೂ ಅರ್ಥವಾಗಲ್ಲ, ಬಾಟಲಿ ಪುಡಿಹಾಲೇ ಕೊಡಿ' ಅನ್ನುವ ತೀರ್ಮಾನಕ್ಕೆ ವಾರ್ಡು ಬರುತ್ತದೆ. ಇದು ಒಂದು ಆಸ್ಪತ್ರೆಯ ಕಥೆಯಲ್ಲ. ಕಾಂಗರೂ ಆರೈಕೆಯನ್ನು ಕನ್ನಡದಲ್ಲಿ ಕಲಿಸುವುದು ಹೊಸದೇನೂ ಅಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಇಡೀ ಜಿಲ್ಲೆಗೇ ಅದನ್ನು ಹರಡುವ ಕೆಲಸ ಮಾಡಿದ್ದಾರೆ. ಅಲ್ಲಿಯ ಹಳ್ಳಿಯ ತಾಯಿಗೆ ಅರ್ಥವಾದದ್ದು ಇಲ್ಲಿಯ ಕೊಪ್ಪಳದ ತಾಯಿಗೂ ಅರ್ಥವಾಗುತ್ತದೆ. ಅವಳ ಮಾತಿನಲ್ಲಿ ಹೇಳುವವರು ಬೇಕು. ಮುಂಬೈಯಲ್ಲಿ ಇಷ್ಟು ಕನ್ನಡ ಸಂಘಗಳಿವೆ. ವಾರಕ್ಕೆ ಎರಡು ದಿನ, ಎರಡು ಗಂಟೆ ವಾರ್ಡಿಗೆ ಹೋಗಿ ಮಾತು ದಾಟಿಸುವ ಹತ್ತು ಜನರನ್ನು ಸಂಘಗಳು ಹುಡುಕಿಕೊಡಬಹುದು.

ಈ ಊರಿಗೆ ಇಂಥ ಕೆಲಸ ಹೊಸದಲ್ಲ. ಧಾರಾವಿಯ ಪಕ್ಕದ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲೇ ತಾಯಿಹಾಲಿನ ಬ್ಯಾಂಕ್ ಶುರು ಮಾಡಿದರು, ಅದು ಏಷ್ಯಾದಲ್ಲೇ ಮೊದಲನೆಯದು. ಬಡ ತಾಯಂದಿರು ಹಿಂಡಿ ಕೊಟ್ಟ ಹಾಲಿನಿಂದ ಇನ್ನೊಬ್ಬರ ಮಕ್ಕಳು ಬದುಕಿದರು. ತಾಯಿಯ ಮೈಯಲ್ಲಿರುವ ಮದ್ದನ್ನು ಅಷ್ಟು ಹಿಂದೆಯೇ ನಂಬಿದ ಊರು ಇದು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ತಾಯಿಯನ್ನು ಒಳಗೆ ಬಿಡುವುದು ಅಂದರೆ ನರ್ಸ್ ಕೆಲಸವನ್ನು ಸಂಬಳವಿಲ್ಲದೆ ಅವಳ ಮೇಲೆ ಹೊರಿಸುವುದಲ್ಲ. ಒಬ್ಬ ಸಿಸ್ಟರ್ ಹತ್ತಾರು ಮಕ್ಕಳನ್ನು ನೋಡುವ ಕಡೆ ಈ ಅಪಾಯ ಇದೆ. ಔಷಧ, ಸಲೈನ್, ಆಮ್ಲಜನಕ, ಮಾನಿಟರ್ ಇವೆಲ್ಲ ಸಿಸ್ಟರ್, ಡಾಕ್ಟರ ಕೆಲಸ, ಹಾಗೇ ಇರಬೇಕು. ತಾಯಿಗೆ ಕಲಿಸಲಿಕ್ಕೂ ಸಿಸ್ಟರಿಗೆ ಹೊತ್ತು ಬೇಕು, ಅಂದರೆ ಸಿಸ್ಟರುಗಳು ಇನ್ನೂ ಜಾಸ್ತಿ ಬೇಕು. ಇನ್ನು, ಆಕೆಗೆ ಸುಸ್ತಾದರೆ, ಅಳು ಬಂದರೆ, ಇವತ್ತು ಎದೆಗೆ ಕಟ್ಟಿಕೊಳ್ಳಲು ಆಗಲ್ಲ ಅಂದರೆ ಯಾರೂ ಬಯ್ಯಬಾರದು. ದಿನ ತುಂಬದೆ ಹೆತ್ತವಳಿಗೆ ಮನೆಯಲ್ಲಿ ಮೊದಲೇ ಮಾತು ಕೇಳಬೇಕಾಗಿರುತ್ತದೆ. ಭಾರ ಎತ್ತಿದೆ, ಪಪ್ಪಾಯಿ ತಿಂದೆ, ಗ್ರಹಣ ನೋಡಿದೆ ಅಂತ. ವಾರ್ಡಿನಲ್ಲಿ ಅದರ ಮೇಲೆ ಇನ್ನೊಂದು ಹೊರೆ ಬೇಡ.

ಕಳೆದ ಮಳೆಗಾಲದಲ್ಲಿ ಇಂಥ ಒಬ್ಬ ತಾಯಿಗೆ ಮಾತು ದಾಟಿಸಲು ಹೋಗಿದ್ದೆ. ಯಾದಗಿರಿ ಕಡೆಯವಳು. ಗಂಡ ಸೈಟಿನಲ್ಲಿ ಸೆಂಟ್ರಿಂಗ್ ಕೆಲಸ. ಮಗು 1 ಕಿಲೋ 450 ಗ್ರಾಂ, ಹುಟ್ಟಿ ಆರು ದಿನ. ಆ ಆಸ್ಪತ್ರೆಯಲ್ಲಿ ತಾಯಿಯರನ್ನು ಒಳಗೆ ಬಿಡುತ್ತಿದ್ದರು. ಆದರೆ ಇವಳು ಒಳಗೆ ಹೋಗಿ ಗೋಡೆಗೆ ಒರಗಿ ನಿಂತು ವಾಪಸ್ ಬರುತ್ತಿದ್ದಳಂತೆ. ನನ್ನನ್ನು ಕಂಡ ಕೂಡಲೇ ಕೇಳಿದ್ದು ಒಂದೇ ಮಾತು: "ಅಕ್ಕಾರ, ನಾ ಮುಟ್ಟಿದ್ರ ಅದಕ್ಕೇನರ ಆಗ್ತದೇನ್ರೀ?"

ಏನೂ ಆಗುವುದಿಲ್ಲ, ಒಳ್ಳೆಯದೇ ಆಗುತ್ತದೆ ಅಂದೆ. ಸಿಸ್ಟರ್ ತೋರಿಸಿಕೊಟ್ಟರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊಣಕೈವರೆಗೆ ಕೈ ತೊಳೆ. ಬಳೆ ತೆಗೆದಿಡು. ಮಗುವಿಗೆ ಕುಲಾವಿ, ಕಾಲುಚೀಲ, ಡೈಪರ್ ಬಿಟ್ಟು ಬೇರೆ ಬಟ್ಟೆ ಬೇಡ. ಎದೆಯ ನಡುವೆ ನೆಟ್ಟಗೆ, ಕಪ್ಪೆ ಕೂತ ಹಾಗೆ ಕಾಲು ಮಡಿಸಿ. ಮುಖ ಒಂದು ಪಕ್ಕಕ್ಕೆ, ಗದ್ದ ಸ್ವಲ್ಪ ಮೇಲೆ, ಮೂಗು ಮುಚ್ಚಬಾರದು. ಮೇಲಿಂದ ಬಟ್ಟೆ ಸುತ್ತಿ ಬಿಗಿ ಮಾಡು. ಮಗು ನೀಲಿಗಟ್ಟಿದರೆ, ಉಸಿರು ನಿಂತಂತೆ ಕಂಡರೆ ತಕ್ಷಣ ಕೂಗು. ಹಾಲು ಕುಡಿಸುವ ಹೊತ್ತಿಗೆ ಸಿಸ್ಟರ್ "ವಾಟಿ-ಚಮಚಾ" ಅಂದರು. ನನಗೆ ಮಗುವಿಗೆ ಹಾಲು ಕುಡಿಸುವ ಊರಿನ ಪುಟ್ಟ ಬಟ್ಟಲು, ಒಳಲೆ ನೆನಪಾಯಿತು, ಬಾಯಿಂದಲೂ ಅದೇ ಬಂತು. ಆ ಹುಡುಗಿಗೆ ಒಳಲೆ ಅಂದರೆ ಗೊತ್ತಾಗಲಿಲ್ಲ, ಅವರ ಕಡೆ ಆ ಮಾತಿಲ್ಲ. ವಾಟಿ ಅಂದದ್ದು ಗೊತ್ತಾಯಿತು. ಒಂದೊಂದೇ ಹನಿ ತುಟಿಯಂಚಿಗೆ ಬಿಟ್ಟಳು. ಮಗು ಚಪ್ಪರಿಸಿತು.

ಮೂರು ಗಂಟೆ ಹಾಗೇ ಕೂತಿದ್ದಳು. ನಾನು ಹೊರಡಲು ಎದ್ದಾಗ ಮೆಲ್ಲಗೆ ಅಂದಳು: "ರಾತ್ರೀನೂ ಇರ್ಲೇನು ಕೇಳ್ರೀ ಅಕ್ಕಾರ."

ಕೇಳಿದೆ. ಇರಬಹುದು ಅಂದರು ಸಿಸ್ಟರ್. ಆದರೆ ಮಲಗಲು ಜಾಗ ಇಲ್ಲ, ಪ್ಲಾಸ್ಟಿಕ್ ಖುರ್ಚಿ ಒಂದಿದೆ. ಆಕೆ ಅದನ್ನೇ ಎಳೆದುಕೊಂಡು ವಾರ್ಮರ್ ಪಕ್ಕಕ್ಕೆ ಹಾಕಿಕೊಂಡಳು.